ನಮಸ್ಕರಿಸಿದ್ದು ಯಾರು?

ಒಂದು ಮನೆ, ಇಬ್ಬರು ಹೆಂಡಿರು. ಒಬ್ಬಳಿಗೆ ಮಡಿಲು ತುಂಬ ಮಕ್ಕಳು, ಇನ್ನೊಬ್ಬಳಿಗೆ ಒಂದೂ ಇಲ್ಲ. ಇರುವವಳು ಇಲ್ಲದವಳನ್ನು ವರ್ಷವರ್ಷವೂ, ಅದೂ ದೇವರ ಯಾತ್ರೆಗೆಂದು ಮನೆಮಂದಿಯೆಲ್ಲ ಹೊರಟಾಗ, ಮಾತಿನಲ್ಲಿ ಚುಚ್ಚುತ್ತಾಳೆ. ಗಂಡ ಕೆಟ್ಟವನಲ್ಲ. ಮಕ್ಕಳಿಲ್ಲದವಳ ಮೇಲೆ ಅವನಿಗೆ ಪ್ರೀತಿ ಇದೆ. ಆದರೆ ಒಳ್ಳೆಯ ಗಂಡಂದಿರಲ್ಲೂ ಕಾಣುವ ಒಂದು ಭ್ರಮೆ ಅವನಲ್ಲೂ ಇದೆ: ತಾನಿರುವಾಗ ಅವಳಿಗೆ ಇನ್ನೇನು ಕೊರತೆ ಎಂದು ಅವನು ನಿಜವಾಗಿಯೂ ನಂಬಿದ್ದಾನೆ. ಹತ್ತು ಮಕ್ಕಳಿಗಿಂತ ತಾನು ಮಿಗಿಲಲ್ಲವೇ ಎಂದು ಕೇಳುತ್ತಾನೆ. ಅವಳು ಉತ್ತರ ಕೊಟ್ಟಳೆಂದು ಕಥೆ ಹೇಳುವುದಿಲ್ಲ. ಊಟದ ಹೊತ್ತು ಮುಗಿದ ಮೇಲೆ ಸುಮ್ಮನೆ ಎದ್ದು ದೇವರ ಮುಂದೆ ಹೋಗಿ ನಿಲ್ಲುತ್ತಾಳೆ.

ಅಲ್ಲಿ ಅವಳು ಅಳುತ್ತಾ ಹರಕೆ ಹೊರುತ್ತಾಳೆ. ಒಂದು ಗಂಡುಮಗುವನ್ನು ಕೊಟ್ಟರೆ ಅದನ್ನು ದೇವರ ಸೇವೆಗೇ ಬಿಡುತ್ತೇನೆ ಎಂಬುದು ಆ ಹರಕೆ. ತುಟಿ ಅಲ್ಲಾಡುತ್ತದೆ, ದನಿ ಹೊರಡುವುದಿಲ್ಲ. ಬಾಗಿಲಲ್ಲಿ ಕುಳಿತ ಮುದಿ ಪೂಜಾರಿಗೆ ಅವಳು ಕುಡಿದು ಬಂದವಳಂತೆ ಕಾಣುತ್ತಾಳೆ. ಅವನು ಗದರಿಸಿದಾಗ ಅವಳು ಹೆದರದೆ, ಮರ್ಯಾದೆಯನ್ನೂ ಮೀರದೆ, ತನ್ನ ಸಂಗತಿಯನ್ನು ಹೇಳುತ್ತಾಳೆ. ಮುಂದೆ ಮಗು ಹುಟ್ಟುತ್ತದೆ. ಹಾಲು ಬಿಡಿಸುವವರೆಗೆ ಮನೆಯಲ್ಲಿ ಇಟ್ಟುಕೊಂಡು, ಆಮೇಲೆ ಆ ಎಳೆಯ ಕೂಸನ್ನು ಕರೆದೊಯ್ದು ಅದೇ ಪೂಜಾರಿಯ ಕೈಗೆ ಒಪ್ಪಿಸುತ್ತಾಳೆ.

ಇದು ನಮ್ಮ ಯಾವುದೋ ಕ್ಷೇತ್ರಮಹಾತ್ಮೆಯ ಕಥೆಯಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಸವತಿ, ಹರಕೆ, ಬರಿದಾದ ಮಡಿಲು ಇವು ಯಾವ ದೇಶಕ್ಕೂ ಹೊಸತಲ್ಲ. ಆದರೆ ಇದು ಯೆಹೂದ್ಯರ ಹೀಬ್ರೂ ಧರ್ಮಗ್ರಂಥದ ಕಥೆ. ಕ್ರೈಸ್ತರು ಅದನ್ನು ಹಳೆಯ ಒಡಂಬಡಿಕೆ ಎನ್ನುತ್ತಾರೆ. ಅದರಲ್ಲಿ ಸಮುವೇಲನ ಮೊದಲನೆಯ ಪುಸ್ತಕ ಶುರುವಾಗುವುದೇ ಈ ಹೆಣ್ಣಿನಿಂದ. ಅವಳ ಹೆಸರು ಹನ್ನ. ಗಂಡ ಎಲ್ಕಾನ, ಸವತಿ ಪೆನಿನ್ನ, ಪೂಜಾರಿ ಏಲಿ, ಊರು ಶೀಲೋ. ಮಗು ಮುಂದೆ ಪ್ರವಾದಿಯಾದ ಸಮುವೇಲ.

ಮಗುವನ್ನು ಒಪ್ಪಿಸಿದ ಮೇಲೆ, ಮೊದಲನೆಯ ಅಧ್ಯಾಯದ ಕಟ್ಟಕಡೆಯಲ್ಲಿ, ಯಾರೋ ಅಲ್ಲಿ ದೇವರಿಗೆ ನಮಸ್ಕರಿಸಿದ ಮಾತು ಬರುತ್ತದೆ. ತೀರ ಚಿಕ್ಕ ಮಾತು, ಕಣ್ಣು ಅದರ ಮೇಲೆ ನಿಲ್ಲುವುದೂ ಇಲ್ಲ. ಆದರೆ ನಮಸ್ಕರಿಸಿದ್ದು ಯಾರು? 1611ರ ಪ್ರಸಿದ್ಧ ಇಂಗ್ಲಿಷ್ ಅನುವಾದ ‘ಅವನು’ ಎನ್ನುತ್ತದೆ. ಅದನ್ನು ಪರಿಷ್ಕರಿಸಿ 1952ರಲ್ಲಿ ತಂದ ಅನುವಾದ ‘ಅವರು’ ಎನ್ನುತ್ತದೆ. ಅದನ್ನೂ ಪರಿಷ್ಕರಿಸಿ 1989ರಲ್ಲಿ ತಂದದ್ದು ಆ ಜಾಗದಲ್ಲಿ ‘ಅವಳು’ ಎಂದು ಶುರುಮಾಡುತ್ತದೆ. ನಮ್ಮ ಕನ್ನಡದ ಲೆಕ್ಕದಲ್ಲಿ ಕ್ರಿಯಾಪದದ ಬಾಲ ಮೊದಲು ‘ನು’ ಆಗಿತ್ತು, ಆಮೇಲೆ ‘ರು’ ಆಯಿತು, ಕೊನೆಗೆ ‘ಳು’ ಆಯಿತು. ಒಂದೇ ಗ್ರಂಥ, ಒಂದೇ ವಾಕ್ಯ. ಮುನ್ನೂರ ಎಪ್ಪತ್ತೆಂಟು ವರ್ಷಗಳಲ್ಲಿ ಗಂಡಸು ಹೋಗಿ ಹೆಂಗಸು ಬಂದಳು. ಇದು ಹೇಗಾಯಿತು, ಆದದ್ದು ಸರಿಯೇ ಎಂಬುದೇ ನನ್ನ ಪ್ರಶ್ನೆ.

ಮೊದಲು ಅನುವಾದಕರ ಕಷ್ಟವನ್ನು ತಿಳಿಯಬೇಕು. ಹೀಬ್ರೂವಿನಲ್ಲಿಯೂ ಕನ್ನಡದಲ್ಲಿರುವ ಹಾಗೆ ಕ್ರಿಯಾಪದವೇ ಲಿಂಗವನ್ನು ಹೇಳುತ್ತದೆ. ನಮ್ಮಲ್ಲಿ ಅದು ಪದದ ಕೊನೆಗೆ ಬಂದರೆ, ಇಂಥ ಕ್ರಿಯಾಪದಗಳಲ್ಲಿ ಅವರಿಗೆ ಅದು ಮೊದಲಿಗೆ ಬರುತ್ತದೆ. ‘ಯ’ಕಾರವಿದ್ದರೆ ಅವನು, ‘ತ’ಕಾರವಿದ್ದರೆ ಅವಳು. ಅಂದರೆ ಹನ್ನಳ ನಮಸ್ಕಾರ ನಿಂತಿರುವುದು ಒಂದೇ ಒಂದು ಅಕ್ಷರದ ಮೇಲೆ. ಮೂಲ ಬರೆದವರ ಕೈಬರಹ ಯಾರ ಬಳಿಯೂ ಇಲ್ಲ. ಇರುವುದೆಲ್ಲ ಪ್ರತಿಯ ಪ್ರತಿಯ ಪ್ರತಿ.

1947ರವರೆಗೆ ಅನುವಾದಕರ ಮುಂದೆ ಇದ್ದದ್ದು ‘ಮಸೋರಾ’ ಪಾಠವೆಂಬ ಹೀಬ್ರೂ ಪಾಠ. ಯೆಹೂದಿ ವಿದ್ವಾಂಸರು ತಲೆಮಾರುಗಳ ಕಾಲ ಅದನ್ನು ಕಣ್ಣಿನ ಗೊಂಬೆಯಂತೆ ಕಾಪಾಡಿದರು. ಪದ ಎಣಿಸಿದರು, ಅಕ್ಷರ ಎಣಿಸಿದರು, ಬರೀ ವ್ಯಂಜನಗಳಲ್ಲಿದ್ದ ಬರಹಕ್ಕೆ ಸ್ವರದ ಗುರುತು ಹಾಕಿದರು. ಹಾಗಿದ್ದೂ ಈ ಪಾಠದ ಪೂರ್ಣ ಪ್ರತಿಗಳಲ್ಲಿ ಅತ್ಯಂತ ಹಳೆಯದು, ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ಗ್ರಂಥಾಲಯದಲ್ಲಿರುವುದು, ಸುಮಾರು 1008ನೇ ಇಸವಿಯದು. ಕ್ರಿಸ್ತನಿಗಿಂತ ಎಷ್ಟೋ ಶತಮಾನ ಹಿಂದಿನ ಕಥೆಗೆ ಕ್ರಿಸ್ತನ ನಂತರ ಸಾವಿರ ವರ್ಷಕ್ಕೆ ಬರೆದ ಸಾಕ್ಷಿ! ಇದಲ್ಲದೆ ಒಂದು ಹಳೆಯ ಗ್ರೀಕ್ ಅನುವಾದವಿತ್ತು. ಅದನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಮೊದಲ್ಗೊಂಡು ಯೆಹೂದ್ಯರೇ ಮಾಡಿಕೊಂಡಿದ್ದರು. ಸಮುವೇಲನ ಪುಸ್ತಕದಲ್ಲಿ ಆ ಗ್ರೀಕ್ ಅನುವಾದ ಹೀಬ್ರೂವಿಗಿಂತ ಎಷ್ಟೋ ಕಡೆ ಬೇರೆಯಾಗಿತ್ತು. ಗ್ರೀಕ್ ಅನುವಾದಕ ಮನಸ್ಸಿಗೆ ಬಂದಂತೆ ಬದಲಾಯಿಸಿರಬೇಕು ಎಂದು ಬಹಳ ಜನ ಅವನ ಮೇಲೆಯೇ ತಪ್ಪು ಹೊರಿಸುತ್ತಿದ್ದರು.

ಕೈಯಲ್ಲಿ ನಕಲು ಮಾಡುವಾಗ ಏನೆಲ್ಲ ಆಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಜ್ಜಿಯಿಂದ ಅತ್ತೆಗೆ, ಅತ್ತೆಯಿಂದ ಸೊಸೆಗೆ ದಾಟಿಬಂದ ಹಾಡಿನ ಪುಸ್ತಕಗಳನ್ನು ನೆನೆಸಿಕೊಳ್ಳಿ. ಎರಡು ಸಾಲು ಒಂದೇ ಪದದಿಂದ ಮುಗಿದರೆ ಕಣ್ಣು ಜಾರಿ ನಡುವಿನ ನುಡಿಯೇ ಬಿಟ್ಟುಹೋಗುತ್ತದೆ. ಗೊತ್ತಿಲ್ಲದ ಪದ ಬಂದರೆ ಗೊತ್ತಿರುವ ಪದ ಅದರ ಜಾಗದಲ್ಲಿ ಕೂರುತ್ತದೆ. ಅಂಚಿನಲ್ಲಿ ಯಾರೋ ಬರೆದುಕೊಂಡ ಅರ್ಥ ಮುಂದಿನ ಪ್ರತಿಯಲ್ಲಿ ಹಾಡಿನೊಳಗೇ ಸೇರುತ್ತದೆ. ಇದರಲ್ಲಿ ಮೋಸವಿಲ್ಲ. ದೀಪದ ಬೆಳಕು, ಅವಸರ, ದಣಿದ ಕಣ್ಣು ಇಷ್ಟೇ ಸಾಕು. ಇವು ಧರ್ಮಗ್ರಂಥದ ಲಿಪಿಕಾರರನ್ನೂ ಬಿಟ್ಟಿಲ್ಲ.

ಹನ್ನಳ ಕಥೆಯಲ್ಲೇ ಇದಕ್ಕೊಂದು ಚೆಂದದ ಉದಾಹರಣೆ ಇದೆ. ಮಸೋರಾ ಪಾಠದ ಪ್ರಕಾರ ಅವಳು ಮಗುವಿನೊಂದಿಗೆ ಮೂರು ಹೋರಿಗಳನ್ನು ಕೊಂಡೊಯ್ಯುತ್ತಾಳೆ. ಮರುವಾಕ್ಯದಲ್ಲಿ ಬಲಿಯಾಗುವುದು ಒಂದೇ ಹೋರಿ. ಉಳಿದೆರಡು ಎಲ್ಲಿ ಹೋದವು? ಗ್ರೀಕ್ ಅನುವಾದದಲ್ಲಿ ಅವಳ ಜೊತೆ ಇದ್ದದ್ದು ಮೂರು ವರ್ಷದ ಒಂದು ಹೋರಿ. ವಿದ್ವಾಂಸರು ಕೊಡುವ ವಿವರಣೆ ಸರಳವಾಗಿದೆ. ಹೀಬ್ರೂವಿನಲ್ಲಿ ಹೋರಿಗೆ ‘ಪರ್’ ಎನ್ನುತ್ತಾರೆ, ಮೂರು ವರ್ಷದ್ದು ಎನ್ನಲು ‘ಮೆಶುಲ್ಲಾಶ್’ ಎಂಬ ಪದವಿದೆ. ಸ್ವರಗಳನ್ನು ತೆಗೆದರೆ ಉಳಿಯುವುದು ಪ-ರ, ಮ-ಶ-ಲ-ಶ. ನಡುವಿನ ‘ಮ’ಕಾರ ಜಾರಿ ಹಿಂದಿನ ಪದಕ್ಕೆ ಅಂಟಿಕೊಂಡರೆ ಪ-ರ-ಮ, ಶ-ಲ-ಶ ಎಂದಾಗುತ್ತದೆ, ‘ಹೋರಿಗಳು, ಮೂರು’ ಎಂದು ಓದಿಕೊಳ್ಳಲು ಅಷ್ಟು ಸಾಕು. ಒಂದು ಅಕ್ಷರ ಒಂದು ಕೂದಲೆಳೆ ಆಚೆಗೆ ಸರಿದದ್ದಕ್ಕೆ ಪಾಪ, ಹನ್ನ ಶತಮಾನಗಟ್ಟಲೆ ಕಾಲ ಮೂರು ಹೋರಿಗಳನ್ನು ಹೊಡೆದುಕೊಂಡು ಶೀಲೋವಿಗೆ ನಡೆಯಬೇಕಾಯಿತು!

ಇದು ಬರೀ ಊಹೆಯಾಗಿ ಉಳಿಯದಂತೆ ಮಾಡಿದ್ದು ಮೃತ ಸಮುದ್ರದ ದಂಡೆಯ ಗುಹೆಗಳು. 1947ರ ಸುಮಾರಿಗೆ ಕುಮ್ರಾನ್ ಎಂಬ ಪಾಳುಜಾಗದ ಬಳಿ ಆಡು ಕಾಯುವ ಬೆದೂಯಿನ್ ಹುಡುಗರಿಗೆ ಒಂದು ಗುಹೆಯಲ್ಲಿ ಮಣ್ಣಿನ ಜಾಡಿಗಳೂ, ಅವುಗಳಲ್ಲಿ ಬಟ್ಟೆ ಸುತ್ತಿದ ಚರ್ಮದ ಸುರುಳಿಗಳೂ ಸಿಕ್ಕವು. ಬೆತ್ಲೆಹೇಮಿನ ವ್ಯಾಪಾರಿಯೊಬ್ಬನ ಮೂಲಕ ಅವು ಜೆರೂಸಲೇಮಿಗೆ ಬಂದವು. ಮೂರು ಸುರುಳಿಗಳನ್ನು ಹೀಬ್ರೂ ವಿಶ್ವವಿದ್ಯಾಲಯದ ಪ್ರೊಫೆಸರ್ ಸುಕೇನಿಕ್ ಕೊಂಡರು. ನಾಲ್ಕನ್ನು ಸಿರಿಯನ್ ಮಠದ ಮುಖ್ಯಸ್ಥರು ಕೊಂಡು, ಅಮೆರಿಕಕ್ಕೆ ಒಯ್ದು, 1954ರಲ್ಲಿ ಪತ್ರಿಕೆಯೊಂದರಲ್ಲಿ ಮಾರಾಟಕ್ಕಿವೆಯೆಂದು ಜಾಹೀರಾತು ಕೊಟ್ಟರು. ಅವನ್ನು ಎರಡೂವರೆ ಲಕ್ಷ ಡಾಲರಿಗೆ ಕೊಳ್ಳುವಂತೆ ನೋಡಿಕೊಂಡವರು ಸುಕೇನಿಕರ ಮಗ ಯಿಗಾಯೆಲ್ ಯಾದಿನ್. 1956ರ ಹೊತ್ತಿಗೆ ಹನ್ನೊಂದು ಗುಹೆಗಳಿಂದ ಒಂಬೈನೂರಕ್ಕೂ ಹೆಚ್ಚು ಹಸ್ತಪ್ರತಿಗಳ ಚೂರುಗಳು ಹೊರಬಂದವು. ಅವುಗಳಲ್ಲಿ ಇನ್ನೂರಕ್ಕೂ ಮಿಕ್ಕಿದವು ಹೀಬ್ರೂ ಧರ್ಮಗ್ರಂಥದ ಭಾಗಗಳು. ಆ ಗ್ರಂಥದಲ್ಲಿ ಹೆಂಗಸರ ಹೆಸರಿನ ಪುಸ್ತಕಗಳು ಎರಡೇ. ರೂತಳದಕ್ಕೆ ನಾಲ್ಕು ಪ್ರತಿಗಳ ಚೂರುಗಳು ಸಿಕ್ಕವು, ಎಸ್ತೇರಳದಕ್ಕೆ ಒಂದೂ ಸಿಗಲಿಲ್ಲ.

ಮೊದಲ ಗುಹೆಯ ಯೆಶಾಯನ ಸುರುಳಿ ಏಳು ಮೀಟರಿಗೂ ಉದ್ದ. ಅರವತ್ತಾರು ಅಧ್ಯಾಯಗಳೂ ಅದರಲ್ಲಿವೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ್ದೆಂದು ಲೆಕ್ಕ. ಸಾವಿರ ವರ್ಷ ಈಚಿನ ಮಸೋರಾ ಪಾಠದೊಡನೆ ಅದು ಬಹುಮಟ್ಟಿಗೆ ಹೊಂದಿತು. ಅಕ್ಷರ ಎಣಿಸಿದವರ ಶ್ರಮ ವ್ಯರ್ಥವಾಗಿರಲಿಲ್ಲ. ಆದರೂ ಅಲ್ಲಲ್ಲಿ ಬೇರೆ ಪಾಠಗಳಿದ್ದವು. ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಕಾವಲುಗಾರನ ಪ್ರಸಂಗವಿದೆ. ಅಲ್ಲಿ ಮಸೋರಾ ಪಾಠದಲ್ಲಿ ಇದ್ದಕ್ಕಿದ್ದಂತೆ ಒಂದು ಸಿಂಹ ಬರುತ್ತದೆ. ಸುರುಳಿಯಲ್ಲಿ ಸಿಂಹವಿಲ್ಲ, ‘ನೋಡುವವನು’ ಕೂಗುತ್ತಾನೆ. ಹೀಬ್ರೂವಿನಲ್ಲಿ ಎರಡು ಪದಗಳ ಅಕ್ಷರಗಳೂ ಹೆಚ್ಚುಕಡಿಮೆ ಅವೇ, ಜಾಗ ಮಾತ್ರ ಅದಲುಬದಲು. 1952ರ ಅನುವಾದ ಈ ಸುರುಳಿಯಿಂದ ಹದಿಮೂರು ಪಾಠಗಳನ್ನು ಒಪ್ಪಿಕೊಂಡಿತು. ಆ ಸಮಿತಿಯಲ್ಲಿದ್ದ ಮಿಲರ್ ಬರೋಸ್ ಅವರೇ ಮೂರು ವರ್ಷದ ನಂತರ, ಅವುಗಳಲ್ಲಿ ಕೆಲವನ್ನು ಒಪ್ಪದೇ ಇದ್ದಿದ್ದರೆ ಲೇಸಿತ್ತು ಎಂಬ ಅಭಿಪ್ರಾಯಕ್ಕೆ ಬಂದರು. ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟವಾದದ್ದು. ಹೊಸದಾಗಿ ಸಿಕ್ಕಿದ ಹಳೆಯ ವಸ್ತುವಿನ ಮೇಲೆ ಮೋಹ ಹುಟ್ಟುವುದು ಸಹಜ. ಮೋಹ ಇಳಿದ ಮೇಲೆ ಮತ್ತೆ ತಕ್ಕಡಿ ಹಿಡಿಯುವುದು ಕಷ್ಟದ ಕೆಲಸ.

ಈಗ ಹನ್ನಳ ಸರದಿ. 1952ರ ಸೆಪ್ಟೆಂಬರಿನಲ್ಲಿ ಕುಮ್ರಾನಿನ ನಾಲ್ಕನೆಯ ಗುಹೆಯನ್ನು ಪುರಾತತ್ವಜ್ಞರು ಅಗೆದರು. ಎಲ್ಲಕ್ಕಿಂತ ಹೆಚ್ಚು ಚೂರುಗಳು ಸಿಕ್ಕಿದ್ದು ಅಲ್ಲಿ. ಅದೇ ತಿಂಗಳ ಕೊನೆಯಲ್ಲಿ ಅಮೆರಿಕದಲ್ಲಿ ಆ ಪರಿಷ್ಕೃತ ಅನುವಾದ ಅಚ್ಚಾಗಿ ಹೊರಬಂತು, ‘ಅವರು ನಮಸ್ಕರಿಸಿದರು’ ಎಂಬರ್ಥದ ಮಾತನ್ನು ಹೊತ್ತು. ಅತ್ತ ಪುಸ್ತಕದಂಗಡಿಗೆ ‘ರು’ ಬರುತ್ತಿದ್ದಾಗ ಇತ್ತ ಮಣ್ಣಿನಿಂದ ‘ಳು’ ಏಳುತ್ತಿತ್ತು! ಆ ಗುಹೆಯ ಚೂರುಗಳನ್ನು ಓದುತ್ತಿದ್ದ ಅಮೆರಿಕದ ವಿದ್ವಾಂಸ ಫ್ರ್ಯಾಂಕ್ ಮೂರ್ ಕ್ರಾಸ್ 1953ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅದರಲ್ಲಿದ್ದದ್ದು ಸಮುವೇಲನ ಪುಸ್ತಕದ ಒಂದು ಪ್ರತಿಯ ಚೂರುಗಳು, ಅದರಲ್ಲೂ ಹನ್ನ ಮಗುವನ್ನು ಒಪ್ಪಿಸುವ ಭಾಗ ಮತ್ತು ಅವಳ ಹಾಡು. ಪ್ರತಿ ಕ್ರಿಸ್ತಪೂರ್ವ ಮೊದಲನೆಯ ಶತಮಾನದ್ದು. ಅದು ಹೀಬ್ರೂವಿನಲ್ಲೇ ಇದ್ದರೂ ಹಲವು ಕಡೆ ಮಸೋರಾ ಪಾಠವನ್ನು ಬಿಟ್ಟು ಗ್ರೀಕ್ ಅನುವಾದದೊಡನೆ ಹೋಗುತ್ತಿತ್ತು. ಅಂದರೆ ಗ್ರೀಕ್ ಅನುವಾದಕ ಅಷ್ಟು ಕಡೆ ತನ್ನ ಇಷ್ಟದಂತೆ ಬರೆದಿರಲಿಲ್ಲ. ಅವನ ಮುಂದಿದ್ದ ಹೀಬ್ರೂ ಪ್ರತಿಯೇ ಬೇರೆ ಇತ್ತು. ಎರಡು ಸಾವಿರ ವರ್ಷದ ಬಳಿಕ ಒಬ್ಬ ಅನುವಾದಕ ಆರೋಪದಿಂದ ಬಿಡುಗಡೆಯಾದ.

ಆ ಚೂರುಗಳಲ್ಲಿ ಹನ್ನಳಿಗೆ ಸಂಬಂಧಿಸಿದ ಮೂರು ಸಂಗತಿಗಳು ಮುಖ್ಯವಾದವು. ಮೊದಲನೆಯದು ಹೋರಿ. ಸುರುಳಿಯಲ್ಲೂ ಅದು ಒಂದೇ, ಮೂರು ವರ್ಷದ್ದು.

ಎರಡನೆಯದು ಗಂಡನ ಮಾತು. ಮಗು ಹಾಲು ಬಿಡುವವರೆಗೆ ಯಾತ್ರೆಗೆ ಬರುವುದಿಲ್ಲ ಎಂದು ಹನ್ನ ಹೇಳಿದಾಗ ಎಲ್ಕಾನ ಒಪ್ಪುತ್ತಾನೆ. ಒಪ್ಪುತ್ತಾ, ಮಸೋರಾ ಪಾಠದಲ್ಲಿ, ದೇವರು ‘ತನ್ನ ಮಾತನ್ನು’ ನೆರವೇರಿಸಲಿ ಎಂದು ಹಾರೈಸುತ್ತಾನೆ. ಆದರೆ ಈ ಕಥೆಯಲ್ಲಿ ದೇವರು ಇಲ್ಲಿಯವರೆಗೆ ಮಾತನ್ನೇ ಆಡಿಲ್ಲ. ಆಡಿದವಳು ಹನ್ನ, ಹರಕೆಯ ಮಾತು. ಸುರುಳಿಯಲ್ಲೂ ಗ್ರೀಕಿನಲ್ಲೂ ಎಲ್ಕಾನ ಹೇಳುವುದು ‘ನಿನ್ನ ಬಾಯಿಂದ ಹೊರಟದ್ದು’ ನೆರವೇರಲಿ ಎಂದು. ಇದರ ತೂಕ ತಿಳಿಯಬೇಕಾದರೆ ಕನ್ನಡದ ಬೈಬಲ್ಲಿನಲ್ಲಿ ಅರಣ್ಯಕಾಂಡ ಎಂದು ಕರೆಯುವ ಪುಸ್ತಕದ ಮೂವತ್ತನೆಯ ಅಧ್ಯಾಯವನ್ನು ನೋಡಬೇಕು. ಹೆಂಡತಿ ಹೊತ್ತ ಹರಕೆಯನ್ನು ಗಂಡ ಕೇಳಿದ ದಿನವೇ ರದ್ದುಮಾಡಬಹುದೆಂಬ ಕಟ್ಟಳೆ ಅಲ್ಲಿದೆ. ಸುಮ್ಮನಿದ್ದರೆ ಹರಕೆ ನಿಲ್ಲುತ್ತದೆ. ಹೀಗಿರುವಾಗ ‘ನಿನ್ನ ಬಾಯಿಂದ ಹೊರಟದ್ದು ನಿಲ್ಲಲಿ’ ಎನ್ನುವುದು ಬರೀ ಹಾರೈಕೆಯಲ್ಲ. ತನಗಿದ್ದ ಅಧಿಕಾರವನ್ನು ಬಳಸದೆ ಹೆಂಡತಿಯ ಮಾತಿಗೆ ಗಂಡ ತಲೆಬಾಗುವ ಗಳಿಗೆ ಅದು. ಹತ್ತು ಮಕ್ಕಳಿಗಿಂತ ನಾನು ಮಿಗಿಲಲ್ಲವೇ ಎಂದಿದ್ದವನು ಇಲ್ಲಿ ಬೆಳೆದಿದ್ದಾನೆ. ‘ತನ್ನ ಮಾತು’ ಎಂಬ ಪಾಠದಲ್ಲಿ ಈ ಬೆಳವಣಿಗೆ ಕಣ್ಣಿಗೆ ಬೀಳುವುದಿಲ್ಲ.

ಮೂರನೆಯದು ನಮಸ್ಕಾರ. ಮಸೋರಾ ಪಾಠದಲ್ಲಿ ‘ನಮಸ್ಕರಿಸಿದನು’ ಎಂದಿರುವುದೇನೋ ನಿಜ, ಆದರೆ ಯಾರು ಆ ‘ಅವನು’? ಮಗುವನ್ನು ಒಪ್ಪಿಸುವ ಆ ದೃಶ್ಯದಲ್ಲಿ ಎಲ್ಕಾನನ ಹೆಸರೇ ಇಲ್ಲ. ಮಾತಾಡುತ್ತಿರುವವಳು ಹನ್ನ, ಕೇಳುತ್ತಿರುವವನು ಏಲಿ, ಕೈ ಹಿಡಿದು ನಿಂತದ್ದು ಮಗು. ಏಲಿಯೋ, ಮಗುವೋ, ಎಲ್ಲೋ ಹಿಂದೆ ನಿಂತ ಗಂಡನೋ ಎಂದು ವ್ಯಾಖ್ಯಾನಕಾರರು ಹುಡುಕಬೇಕಾಯಿತು. 1952ರವರು ಎಲ್ಲರನ್ನೂ ಒಟ್ಟಿಗೆ ಸೇರಿಸಿ ‘ಅವರು’ ಎಂದು ಬಗೆಹರಿಸಿದರು. ಸುರುಳಿ ಹೀಗೆ ತಡವರಿಸುವುದಿಲ್ಲ. ಅವಳು ಮಗುವನ್ನು ಅಲ್ಲಿ ಬಿಟ್ಟಳು, ನಮಸ್ಕರಿಸಿದಳು ಎಂಬುದು ಅದರ ಪಾಠ. ಅದಾದ ಕೂಡಲೇ ಬರುವುದು ಹನ್ನಳ ಹಾಡು. ಬಾಗಿದವಳೇ ಹಾಡಿದಳು ಎಂದಾಗ ಕಥೆಯ ಉಸಿರು ಎಲ್ಲಿಯೂ ಕಡಿಯುವುದಿಲ್ಲ.

ಇನ್ನು ಅನುವಾದಗಳ ವಿಚಾರ. 1978ರಲ್ಲಿ ಪೂರ್ಣವಾಗಿ ಬಂದ ಒಂದು ಜನಪ್ರಿಯ ಇಂಗ್ಲಿಷ್ ಅನುವಾದ ಹೋರಿಯ ಮಟ್ಟಿಗೆ ಸುರುಳಿಯನ್ನೂ ಗ್ರೀಕನ್ನೂ ಒಪ್ಪಿ, ಗಂಡನ ಮಾತಿನ ಬದಲಿ ಪಾಠವನ್ನು ಅಡಿಟಿಪ್ಪಣಿಗೆ ಇಳಿಸಿ, ನಮಸ್ಕಾರವನ್ನು ‘ಅವನ’ ಕೈಯಲ್ಲೇ ಮಾಡಿಸಿತು. ದನದ ಲೆಕ್ಕಕ್ಕೆ ಸಿಕ್ಕಿದ ನ್ಯಾಯ ಹೆಣ್ಣಿಗೆ ಸಿಗಲಿಲ್ಲ ಎಂದು ತಮಾಷೆಗೆ ಅನ್ನಬಹುದು. ಆದರೆ ಆ ಅನುವಾದಕರಿಗೂ ಒಂದು ಸಮರ್ಥನೆ ಇದೆ. ಮೂರು ಹೋರಿಗಳ ವಾಕ್ಯ ತನ್ನನ್ನು ತಾನೇ ಅಲ್ಲಗಳೆಯುತ್ತದೆ. ‘ನಮಸ್ಕರಿಸಿದನು’ ವಿಚಿತ್ರವಾದರೂ ಅಸಾಧ್ಯವಲ್ಲ. ಅಸಾಧ್ಯವಲ್ಲದ್ದನ್ನು ಮುಟ್ಟಬೇಡ ಎಂಬುದು ಅವರ ನೇಮ.

1989ರ ಅನುವಾದ ಧೈರ್ಯ ಮಾಡಿತು. ‘ಅವಳು’ ಎಂದು ಮೂಲದಲ್ಲೇ ಅಚ್ಚು ಹಾಕಿತು, ಮಸೋರಾ ಪಾಠವನ್ನು ಕೆಳಗೆ ಟಿಪ್ಪಣಿಯಲ್ಲಿ ಕೊಟ್ಟಿತು. ಹೆಣ್ಣುಮಕ್ಕಳು ಸಂತೋಷಪಡಬೇಕಾದದ್ದೇ. ಆದರೆ ನಿಧಾನವಾಗಿ ಓದಿದರೆ ಒಂದು ಕೊರತೆ ಕಾಣುತ್ತದೆ. ಅದರಲ್ಲಿ ಅವಳು ಮಗುವನ್ನು ದೇವರಿಗಾಗಿ ಅಲ್ಲಿ ಬಿಟ್ಟಳು ಎಂದಿದೆ, ಅಷ್ಟೇ. ನಮಸ್ಕಾರವೇ ಇಲ್ಲ! ‘ಬಿಟ್ಟುಬಂದ’ ಮಾತು ಗ್ರೀಕಿನಲ್ಲಿ ಹನ್ನಳ ಹಾಡು ಮುಗಿದ ಮೇಲೆ ಬರುತ್ತದೆ. ಆ ಗ್ರೀಕ್ ಪಾಠದ ಕಡೆ ವಾಲಿದ್ದರಿಂದ ಸುರುಳಿಯ ‘ನಮಸ್ಕರಿಸಿದಳು’ ಜಾರಿಹೋಯಿತು. ‘ನಮಸ್ಕರಿಸಿದನು’ ಎಂಬುದರಿಂದ ‘ನು’ವನ್ನು ತೆಗೆಯುವ ಭರದಲ್ಲಿ ನಮಸ್ಕಾರವನ್ನೂ ತೆಗೆದಂತಾಯಿತು. ಅಷ್ಟೇ ಅಲ್ಲ, ಗಂಡನ ಮಾತಿನಲ್ಲಿ ಇದೇ ಅನುವಾದ ಸುರುಳಿಯನ್ನು ಒಪ್ಪದೆ ‘ತನ್ನ ಮಾತು’ ಎಂದೇ ಇಟ್ಟು ಸುರುಳಿಯ ಪಾಠವನ್ನು ಟಿಪ್ಪಣಿಗೆ ಕಳುಹಿಸಿದೆ. ಒಂದೇ ಕಥೆ, ಆರೇಳು ವಾಕ್ಯದ ಅಂತರ, ಎರಡು ನೀತಿ. ಎರಡಕ್ಕೂ ಕಾರಣಗಳಿರಬಹುದು. ಆದರೆ ಓದುವವಳ ಕಣ್ಣಿಗೆ ಬೀಳುವುದು ಹೆಂಡತಿಯ ಬಾಯಿಯ ಮಾತು ಅಡಿಟಿಪ್ಪಣಿಯಲ್ಲಿ ಕೂತದ್ದು.

ಹಾಗಾದರೆ ಹಳೆಯದು ಸಿಕ್ಕಿದ ಕೂಡಲೇ ಹೊಸದನ್ನು ಬಿಸಾಡಬೇಕೆ? ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಸುರುಳಿಯೂ ಮೂಲವಲ್ಲ, ಅದೂ ಒಂದು ಪ್ರತಿಯೇ. ಅದನ್ನು ಬರೆದವನೂ ದಣಿದಿರಬಹುದು, ಸೇರಿಸಿರಬಹುದು. ಹುಳು ತಿಂದ ಜಾಗದಲ್ಲಿ ಅಕ್ಷರಗಳನ್ನು ವಿದ್ವಾಂಸರು ಊಹೆಯಿಂದ ತುಂಬಿದ್ದಾರೆ. ‘ಬಿಟ್ಟಳು’ ಎಂಬ ಪದದಲ್ಲೇ ಹಾಗೆ ತುಂಬಿದ ಅಕ್ಷರಗಳಿವೆ. 1988ರಲ್ಲಿ ಸ್ಟ್ಯಾನ್ಲಿ ವಾಲ್ಟರ್ಸ್ ಎಂಬ ವಿದ್ವಾಂಸ ಇನ್ನೊಂದು ಮಾತು ಎತ್ತಿದರು. ಹೀಬ್ರೂ ಪಾಠದ ಹನ್ನ ಒಬ್ಬಳು, ಗ್ರೀಕ್ ಪಾಠದ ಹನ್ನ ಇನ್ನೊಬ್ಬಳು. ಇವು ಒಂದೇ ಕಥೆಯ ಎರಡು ಕೆಟ್ಟ ಪ್ರತಿಗಳಲ್ಲ, ಎರಡು ಬೇರೆ ಕಥನಗಳು ಎಂದು ಅವರ ವಾದ. ಹಾಗಿದ್ದರೆ ಇಲ್ಲಿಂದೊಂದು ಅಲ್ಲಿಂದೊಂದು ತುಂಡು ತೆಗೆದು ಹೊಲಿದಾಗ ಯಾವ ಕಾಲದಲ್ಲೂ ಇಲ್ಲದ ಮೂರನೆಯ ಹನ್ನ ಹುಟ್ಟುತ್ತಾಳೆ. ಎರಡು ಸೀರೆಗಳ ಅಂಚು ಸೆರಗು ಜೋಡಿಸಿದರೆ ಚೆಂದವೇ ಕಾಣಬಹುದು, ಆದರೆ ಅದು ಯಾವ ಮಗ್ಗದಲ್ಲೂ ನೇಯ್ದದ್ದಲ್ಲ. ಈ ಎಚ್ಚರಿಕೆ ತಳ್ಳಿಹಾಕುವಂಥದಲ್ಲ.

ಇನ್ನೊಂದು ಪ್ರಶ್ನೆಯನ್ನೂ ಕೇಳದೆ ಇರಲಾಗದು. ‘ಳು’ ಇದ್ದದ್ದು ‘ನು’ ಆದದ್ದಾದರೆ ಅದನ್ನು ಮಾಡಿದವರು ಯಾರು? ಹೆಂಗಸು ತಾನೇ ಮುಂದೆ ನಿಂತು ದೇವರ ಗುಡಿಯಲ್ಲಿ ಬಾಗಿದ್ದು ಯಾವನೋ ಲಿಪಿಕಾರನಿಗೆ ಹಿಡಿಸಲಿಲ್ಲವೇ? ಹಾಗೆಂದುಕೊಳ್ಳುವುದು ಸುಲಭ, ಕೋಪಕ್ಕೂ ಹಿತ. ಆದರೆ ಅದೇ ಮಸೋರಾ ಪಾಠ ಹನ್ನಳ ಹಾಡನ್ನು ಸಂಪೂರ್ಣವಾಗಿ ಉಳಿಸಿದೆ. ಬಲಿಷ್ಠರ ಬಿಲ್ಲು ಮುರಿಯುವ, ಹಸಿದವರ ಹೊಟ್ಟೆ ತುಂಬುವ, ಬಂಜೆ ಎನಿಸಿಕೊಂಡವಳ ಮನೆ ತುಂಬುವ ಆ ಹಾಡನ್ನು ಯಾರೂ ಅವಳ ಬಾಯಿಂದ ಕಿತ್ತುಕೊಳ್ಳಲಿಲ್ಲ. ಆದ್ದರಿಂದ ಇದನ್ನು ಹಗೆತನ ಎನ್ನಲಾರೆ. ನನಗೆ ತೋರುವುದು ಬೇರೆ. ನಮಸ್ಕರಿಸುವವನು ಯಜಮಾನ ಎಂದು ಕೈಗೆ ರೂಢಿಯಾದರೆ ‘ತ’ಕಾರದ ಜಾಗದಲ್ಲಿ ‘ಯ’ಕಾರ ತಾನಾಗಿಯೇ ಬಿದ್ದೀತು. ಯಾರೂ ಬೇಕೆಂದು ಅಳಿಸದಿದ್ದರೂ ಹೆಸರು ಅಳಿಸಿಹೋಗುವುದನ್ನು ಹೆಂಗಸರಾದ ನಾವು ಎಷ್ಟು ಲಗ್ನಪತ್ರಿಕೆಗಳಲ್ಲಿ, ಎಷ್ಟು ಜಮೀನಿನ ಕಾಗದಗಳಲ್ಲಿ ನೋಡಿಲ್ಲ!

ಗಂಡಸರ ಕಥೆಯೂ ಇದಕ್ಕೆ ಹೊರತಲ್ಲ. ದಾವೀದ ಕವಣೆಕಲ್ಲಿನಿಂದ ಹೊಡೆದುರುಳಿಸಿದ ಗೊಲ್ಯಾತ ಮಸೋರಾ ಪಾಠದಲ್ಲಿ ಆರು ಮೊಳ ಒಂದು ಗೇಣು ಎತ್ತರ, ಅಂದರೆ ಒಂಬತ್ತೂ ಮುಕ್ಕಾಲು ಅಡಿ. ಇದೇ ಸಮುವೇಲನ ಸುರುಳಿಯಲ್ಲಿ ಅವನು ನಾಲ್ಕು ಮೊಳ ಒಂದು ಗೇಣು, ಆರೂ ಮುಕ್ಕಾಲು ಅಡಿ. ಎತ್ತರದ ಆಳೇ, ಆದರೆ ರಾಕ್ಷಸನಲ್ಲ. 1970ರ ಅಮೆರಿಕದ ಕ್ಯಾಥೊಲಿಕ್ ಅನುವಾದ ಚಿಕ್ಕ ಗೊಲ್ಯಾತನನ್ನು ಒಪ್ಪಿತು, 1989ರದ್ದು ದೊಡ್ಡವನನ್ನೇ ಇಟ್ಟುಕೊಂಡು ಚಿಕ್ಕವನನ್ನು ಟಿಪ್ಪಣಿಯಲ್ಲಿ ನಿಲ್ಲಿಸಿತು.

ಇಷ್ಟು ಮುಖ್ಯವಾದ ಚೂರುಗಳು ಎಲ್ಲರ ಕೈಗೆ ಬರಲು ಹಿಡಿದ ಕಾಲವೂ ಯೋಚಿಸಬೇಕಾದ್ದು. ನಾಲ್ಕನೆಯ ಗುಹೆಯ ಹಸ್ತಪ್ರತಿಗಳು ದಶಕಗಳ ಕಾಲ ಕೆಲವೇ ಕೆಲವು ಪುರುಷ ಪಂಡಿತರ ಸುಪರ್ದಿಯಲ್ಲಿದ್ದವು. 1991ರಲ್ಲಿ ಕ್ಯಾಲಿಫೋರ್ನಿಯದ ಹಂಟಿಂಗ್‌ಟನ್ ಗ್ರಂಥಾಲಯ ತನ್ನಲ್ಲಿದ್ದ ಛಾಯಾಚಿತ್ರಗಳನ್ನು ಎಲ್ಲ ವಿದ್ವಾಂಸರಿಗೂ ತೆರೆದಾಗ ಆ ಬಾಗಿಲು ಒಡೆಯಿತು. ಅದಕ್ಕೂ ಮುಂಚೆಯೇ ಕ್ಯಾರಲ್ ನ್ಯೂಸಮ್ 1985ರಲ್ಲಿ, ಐಲೀನ್ ಶೂಲರ್ 1986ರಲ್ಲಿ ಕುಮ್ರಾನಿನ ಹಾಡು-ಪ್ರಾರ್ಥನೆಗಳನ್ನು ಸಂಪಾದಿಸಿ ಪ್ರಕಟಿಸಿ, ಹೆಣ್ಣಿನ ಕಣ್ಣೂ ಈ ಚರ್ಮದ ಚೂರುಗಳನ್ನು ಓದಬಲ್ಲದು ಎಂದು ತೋರಿಸಿದ್ದರು. ಹನ್ನಳ ಭಾಗವಿರುವ ಸಮುವೇಲನ ಸುರುಳಿಯ ಪೂರ್ಣ ಸಂಪಾದನೆ ಅಚ್ಚಾದದ್ದು 2005ರಲ್ಲಿ. ಕ್ರಾಸ್ ಅವರ ಮೊದಲ ಲೇಖನಕ್ಕೆ ಆಗ ಐವತ್ತೆರಡು ವರ್ಷ. 2012ರಿಂದ ಇಸ್ರೇಲಿನ ಪುರಾತತ್ವ ಇಲಾಖೆ ಈ ಚೂರುಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದೆ. ಇನ್ನೊಂದು ಕಡೆ ಮೋಸವೂ ಬೆಳೆಯಿತು. ವಾಷಿಂಗ್‌ಟನ್ನಿನ ಬೈಬಲ್ ಮ್ಯೂಸಿಯಮ್ಮಿನಲ್ಲಿದ್ದ ಹದಿನಾರು ಚೂರುಗಳೂ ನಕಲಿ ಎಂದು 2020ರಲ್ಲಿ ತಿಳಿದುಬಂತು. ಹಳೆಯ ಚರ್ಮವೆಂದ ಮಾತ್ರಕ್ಕೆ ಹಳೆಯ ಮಾತಲ್ಲ.

ನಮಗೂ ಈ ವಿಷಯಕ್ಕೂ ನೇರ ನಂಟಿದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಆಗ ಗುಹೆಗಳು ಮುಚ್ಚಿದ್ದವು, ತೆರೆಯಲು ಇನ್ನೂ ನೂರಕ್ಕೂ ಹೆಚ್ಚು ವರ್ಷವಿತ್ತು. ಆ ಅನುವಾದಕರಿಗೆ ಎದುರಾದ ಒಂದು ಇಕ್ಕಟ್ಟು ಇಂಗ್ಲಿಷಿನವರಿಗೂ ತಪ್ಪಿದ್ದಲ್ಲ, ಆದರೆ ಕನ್ನಡದಲ್ಲಿ ಅದು ಇನ್ನೂ ಬಿಗಿ. ಇಂಗ್ಲಿಷಿನಲ್ಲಿ ‘ಅವನು’ ಒಂದು ಬಿಡಿ ಪದ. ನಮ್ಮಲ್ಲಿ ಲಿಂಗವಚನಗಳು ಕ್ರಿಯಾಪದದ ಮೈಯಲ್ಲೇ ಬೆಸೆದುಕೊಂಡಿವೆ. ‘ರು’ ಎಂದರೆ ಬಹುವಚನವೂ ಹೌದು, ಗೌರವವೂ ಹೌದು. ನು, ಳು, ರು ಇವುಗಳಲ್ಲಿ ಒಂದನ್ನು ಆರಿಸದೆ ಕನ್ನಡದಲ್ಲಿ ವಾಕ್ಯ ಮುಗಿಸುವುದೇ ಕಷ್ಟ. ಆರಿಸಿದ ಮೇಲೆ ಉಳಿದೆರಡು ಸದ್ದಿಲ್ಲದೆ ಸಾಯುತ್ತವೆ.

ಅದಕ್ಕೇ ನನಗೆ ಅಡಿಟಿಪ್ಪಣಿಯ ಮೇಲೆ ಇಷ್ಟು ಪ್ರೀತಿ. ಪಂಡಿತರು ಅದನ್ನು ಪಂಡಿತರಿಗಾಗಿ ಬರೆಯುತ್ತಾರೆ ಎಂದು ನಾವು ಬಿಟ್ಟು ಓದುತ್ತೇವೆ. ನಿಜವಾಗಿ ಅದು ಬೇಕಾದದ್ದು ಮೂಲ ಭಾಷೆ ಬಾರದ ನಮಗೆ. ಮೂಲ ಬಲ್ಲವನು ತಾನೇ ಹೋಗಿ ನೋಡಿಯಾನು. ಅನುವಾದವನ್ನು ಬಿಟ್ಟರೆ ಬೇರೆ ದಾರಿ ಇಲ್ಲದವಳಿಗೆ, ಇಲ್ಲಿ ಎರಡು ದಾರಿ ಇತ್ತು, ನಾನು ಇದನ್ನು ಹಿಡಿದೆ ಎಂದು ಅನುವಾದಕ ಹೇಳಬೇಕು. ಟಿಪ್ಪಣಿ ಕೊಟ್ಟರೆ ಭಕ್ತರ ನಂಬಿಕೆ ಅಲುಗಾಡುತ್ತದೆ ಎಂದು ಹೆದರುವವರಿದ್ದಾರೆ. ಓದುಗರನ್ನು ಅಷ್ಟು ದುರ್ಬಲರೆಂದು ತಿಳಿಯುವುದು ಏಲಿ ಹನ್ನಳನ್ನು ಕುಡಿದವಳೆಂದು ತಿಳಿದಷ್ಟೇ ತಪ್ಪು. ಅಕ್ಷರ ಎಣಿಸಿ ಕಾಪಾಡಿದವರ ಭಕ್ತಿ ದೊಡ್ಡದು. ಆ ಎಣಿಕೆಯಲ್ಲಿ ಒಂದು ಅಕ್ಷರ ಬೇರೆಯಿದ್ದಿರಬಹುದು ಎಂದು ಒಪ್ಪಿಕೊಳ್ಳುವುದಕ್ಕೂ ಭಕ್ತಿ ಬೇಕು.

ನನ್ನನ್ನು ಕೇಳಿದರೆ ಮೂಲದಲ್ಲಿ ‘ನಮಸ್ಕರಿಸಿದಳು’ ಎಂದೇ ಇರಲಿ, ‘ನಮಸ್ಕರಿಸಿದನು’ ಎಂಬ ಪಾಠ ಅದರ ಕೆಳಗೆ ಗೌರವದಿಂದ ಕೂತಿರಲಿ. ಮಗುವನ್ನು ಹೆತ್ತು, ಹಾಲೂಡಿಸಿ, ಕೊಟ್ಟ ಮಾತಿಗೆ ಕಟ್ಟುಬಿದ್ದು ಬಿಟ್ಟುಬಂದವಳು ಅವಳು. ಆ ಗಳಿಗೆಯಲ್ಲಿ ಬೇರೆಯವರು ಬಾಗಿದ್ದರೆ ಬಾಗಲಿ, ಅವಳು ಬಾಗಿದ್ದನ್ನು ಮಾತ್ರ ಬಿಡುವುದು ಬೇಡ. ಕನ್ನಡದ ಬೈಬಲ್ ನಿಮ್ಮ ಮನೆಯಲ್ಲಿದ್ದರೆ, ಇಲ್ಲವೇ ಪಕ್ಕದ ಮನೆಯವರ ಬಳಿ ಇದ್ದರೆ, ಸಮುವೇಲನ ಮೊದಲನೆಯ ಪುಸ್ತಕದ ಮೊದಲ ಅಧ್ಯಾಯದ ಕೊನೆಯ ವಾಕ್ಯವನ್ನು ಒಮ್ಮೆ ತೆಗೆದು ನೋಡಿ. ಕ್ರಿಯಾಪದದ ಕೊನೆಯಲ್ಲಿ ಯಾರಿದ್ದಾರೆ, ಪುಟದ ಅಡಿಯಲ್ಲಿ ಏನಿದೆ ಎಂದು ಬೆರಳಿಟ್ಟು ನೋಡಿ.